ಕಡಲಿನ ಜೀವಿಗಳು ಪ್ಲಾಸ್ಟಿಕ್ಕನ್ನು ಆಹಾರವೆಂದು ನಂಬುವುದೇಕೆ?

ಪ್ರಶ್ನೆ (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಗೆ ಮಾಲಿನ್ಯದ ಪಾಠ ಮಾಡುವಾಗ ಪ್ರತಿವರ್ಷವೂ ನಾನು ಒಂದೇ ಮಾತನ್ನು ಹೇಳಿಕೊಂಡು ಬಂದಿದ್ದೇನೆ: ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಕಡಲಾಮೆಯು ಜೆಲ್ಲಿ ಮೀನೆಂದು ತಿಳಿದು ನುಂಗುತ್ತದೆ, ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡು ಆಮೆ ಸಾಯುತ್ತದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಆಮೆಗಳು ಕೋಟ್ಯಂತರ ವರ್ಷಗಳಿಂದ ಕಡಲಲ್ಲಿವೆ ಎಂದು ನೀವೇ ಹೇಳಿದ್ದೀರಿ. ಅಷ್ಟು ಕಾಲ ಬದುಕಿದ ಪ್ರಾಣಿಗೆ ಯಾವುದು ಊಟ, ಯಾವುದು ಅಲ್ಲ ಎನ್ನುವುದು ಗೊತ್ತಾಗುವುದಿಲ್ಲವೇ? ಬಾಯಿಗೆ ಹಾಕಿಕೊಂಡ ಮೇಲಾದರೂ ಉಗಿಯಬಹುದಲ್ಲ?" ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಓದಿಕೊಂಡು ಬಂದು ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಆ ಪ್ರಶ್ನೆಯ ಜೊತೆಗೆ ನನ್ನದೇ ಎರಡು ಸಂದೇಹಗಳೂ ಇವೆ. ನುಂಗಿದ ಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ ಎನ್ನುವುದು ಸರಿ, ಆದರೆ ಸಣ್ಣ ಚೂರುಗಳು ಮಲದೊಂದಿಗೆ ಹೊರಗೆ ಹೋಗಿಬಿಟ್ಟರೆ ಅದರಿಂದ ನಿಜವಾಗಿ ಆಗುವ ಹಾನಿಯೇನು? ಮತ್ತೆ, 2050ರ ಹೊತ್ತಿಗೆ ಕಡಲಿನಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕೇ ಹೆಚ್ಚಾಗುತ್ತದೆ ಎಂಬ ಮಾತು ಎಲ್ಲ ಕಡೆಯೂ ಕಾಣಿಸುತ್ತದೆ. ಅದನ್ನು ಮಕ್ಕಳಿಗೆ ಹೇಳುವ ಮುನ್ನ ಅದರ ಆಧಾರವೇನೆಂದು ತಿಳಿದುಕೊಳ್ಳಬೇಕಾಗಿದೆ. ಈ ವಿಷಯದಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಕಡಲಹಕ್ಕಿಗಳ ಅಧ್ಯಯನದಲ್ಲಿರುವವರು)

ಮೇಡಂ, ಆ ಹುಡುಗಿಗೆ ಮೊದಲು ಹೇಳಬೇಕಾದದ್ದು ಇದು: ಪ್ರಾಣಿಗಳಿಗೆ ಗೊತ್ತಾಗುತ್ತದೆ, ಚೆನ್ನಾಗಿಯೇ ಗೊತ್ತಾಗುತ್ತದೆ; ತೊಂದರೆ ಇರುವುದೂ ಅಲ್ಲಿಯೇ. ಆಹಾರ ಎಲ್ಲಿದೆ ಎಂದು ತಿಳಿಯಲು ಅವುಗಳಿಗೆ ಕೆಲವು ಗುರುತುಗಳಿವೆ, ಆ ಗುರುತುಗಳು ಲಕ್ಷಾಂತರ ವರ್ಷಗಳ ಕಾಲ ತಪ್ಪದೆ ನಡೆದುಬಂದಿವೆ. ಕಡಲಿಗೆ ಬಿದ್ದ ಪ್ಲಾಸ್ಟಿಕ್ ಕೆಲವೇ ವಾರಗಳಲ್ಲಿ ಅದೇ ಗುರುತುಗಳನ್ನು ಮೈಗೆ ಹಚ್ಚಿಕೊಳ್ಳುತ್ತದೆ.

ನಾವು ಕಡಲಿನ ಆಹಾರವನ್ನು ಕಣ್ಣಿನಿಂದ ಕಲ್ಪಿಸಿಕೊಳ್ಳುತ್ತೇವೆ, ಆದ್ದರಿಂದಲೇ ಚೀಲ ಮತ್ತು ಜೆಲ್ಲಿ ಮೀನಿನ ಹೋಲಿಕೆ ನಮಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಆ ಹೋಲಿಕೆ ಸುಳ್ಳಲ್ಲ. ಸೈಪ್ರಸ್ಸಿನ ಕಡಲತೀರದಲ್ಲಿ ಸತ್ತುಬಿದ್ದ ಹಸಿರು ಕಡಲಾಮೆಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ, ಕಡಲಹುಲ್ಲಿನ ಎಸಳನ್ನು ಹೋಲುವ ಹಸಿರು, ಕಪ್ಪು ಮತ್ತು ಪಾರದರ್ಶಕ ಹಾಳೆಗಳೂ ಎಳೆಗಳೂ ಹೆಚ್ಚಾಗಿ ಸಿಕ್ಕಿದವು. ಆದರೆ ನೂರಾರು ಮೈಲಿ ತೆರೆದ ಕಡಲಿನ ಮೇಲೆ ಹಾರುವ ಹಕ್ಕಿಗೆ ಕಣ್ಣಿಗಿಂತ ಮೂಗು ಮುಖ್ಯ. ಪೆಟ್ರೆಲ್, ಶಿಯರ್‌ವಾಟರ್, ಆಲ್ಬಟ್ರಾಸ್ ಜಾತಿಯ ಹಕ್ಕಿಗಳ ಮೂಗಿನ ಹೊಳ್ಳೆಗಳು ಕೊಕ್ಕಿನ ಮೇಲೆ ಕೊಳವೆಗಳಂತೆ ಇರುತ್ತವೆ. ಇವುಗಳಲ್ಲಿ ಹಲವು ಹುಡುಕಿಕೊಂಡು ಹೋಗುವುದು ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆಯನ್ನು. ತೇಲುವ ಸೂಕ್ಷ್ಮ ಪಾಚಿಯನ್ನು ಕ್ರಿಲ್ ಎಂಬ ಸಿಗಡಿಯಂಥ ಜೀವಿಗಳು ಮೇಯುವಾಗ ಪಾಚಿಯ ಕೋಶಗಳು ಒಡೆದು ಈ ವಾಸನೆ ಹೊರಡುತ್ತದೆ. ಹಕ್ಕಿಯ ಪಾಲಿಗೆ ಅದು ಊಟದ ಕರೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಮಣಿಗಳನ್ನು ಬಲೆಯ ಚೀಲಗಳಲ್ಲಿ ತುಂಬಿ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸುಮಾರು ಮೂರು ವಾರ ತೇಲಬಿಟ್ಟು, ಆಮೇಲೆ ಹೊರತೆಗೆದು ಪರೀಕ್ಷಿಸಿದರು. ಕಡಲಿಗೆ ಇಳಿಯುವ ಮೊದಲು ಆ ಮಣಿಗಳಲ್ಲಿ ಈ ಗಂಧಕದ ಅಂಶ ಇರಲಿಲ್ಲ, ಹೊರಬಂದಾಗ ಹಕ್ಕಿಗಳು ಗುರುತಿಸಬಲ್ಲಷ್ಟು ಇತ್ತು. ಮಣಿಗಳ ಮೈಮೇಲೆ ಪಾಚಿ ಬೆಳೆದದ್ದೇ ಅದಕ್ಕೆ ಕಾರಣ. ಈ ವಾಸನೆಯನ್ನು ನಂಬಿ ಬದುಕುವ ಹಕ್ಕಿಜಾತಿಗಳೇ ಉಳಿದವುಗಳಿಗಿಂತ ಹಲವು ಪಟ್ಟು ಹೆಚ್ಚಾಗಿ ಪ್ಲಾಸ್ಟಿಕ್ ನುಂಗುತ್ತವೆ ಎನ್ನುವುದೂ ಅದೇ ಅಧ್ಯಯನದಲ್ಲಿ ಕಂಡುಬಂತು. 2020ರಲ್ಲಿ ಲಾಗರ್‌ಹೆಡ್ ಜಾತಿಯ ಎಳೆಯ ಕಡಲಾಮೆಗಳ ಮೇಲೆ ಇದೇ ಬಗೆಯ ಪ್ರಯೋಗ ನಡೆಯಿತು. ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಅವು ಗಮನ ಕೊಡಲಿಲ್ಲ. ಐದು ವಾರ ಕಡಲಿನಲ್ಲಿ ನೆನೆದ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಮಾತ್ರ, ತಮ್ಮ ನಿತ್ಯದ ಆಹಾರದ ವಾಸನೆ ಬಂದಾಗ ಮಾಡುವಂತೆಯೇ, ಮೂಗನ್ನು ನೀರಿನಿಂದ ಮೇಲೆತ್ತಿ ಹೆಚ್ಚು ಹೊತ್ತು ಹಿಡಿದುಕೊಂಡವು. ಒಂದು ವಸ್ತು ಕಡಲಿನಲ್ಲಿ ಎಷ್ಟು ಕಾಲ ಇರುತ್ತದೋ ಅಷ್ಟಷ್ಟು ಅದು ಕಡಲಿನದೇ ಆಗಿ ತೋರುತ್ತದೆ ಎನ್ನುವುದನ್ನು ಮಕ್ಕಳಿಗೆ ಅರ್ಥ ಮಾಡಿಸಿದರೆ ಮುಕ್ಕಾಲು ಪಾಠ ಮುಗಿದಂತೆ.

ಅಲೆ ತಂದು ಎಸೆದ ಅಂಗೈಯಗಲದ ಪ್ಲಾಸ್ಟಿಕ್ ತುಂಡೊಂದನ್ನು ನಾನು ಒಮ್ಮೆ ಮಸೂರದ ಕೆಳಗೆ ಇಟ್ಟುಕೊಂಡು ಇಡೀ ಮಧ್ಯಾಹ್ನ ನೋಡಿದ್ದೇನೆ. ಬರಿಗಣ್ಣಿಗೆ ಅದು ಬಣ್ಣ ಮಾಸಿದ ಡಬ್ಬಿಯ ಚೂರು. ಬೆರಳಿಟ್ಟರೆ ಲೋಳೆ ಲೋಳೆ. ಮಸೂರದಲ್ಲಿ ನೋಡಿದರೆ ಒಂದಂಗುಲ ಜಾಗವೂ ಖಾಲಿ ಇರಲಿಲ್ಲ: ಹಸಿರು ಪಾಚಿಯ ಪದರ, ಅದರ ನಡುವೆ ಅಕ್ಕಿಯ ನುಚ್ಚಿನಷ್ಟು ಗಾತ್ರದ ಬಾರ್ನಕಲ್ ಚಿಪ್ಪುಗಳು, ಒಂದು ಮೂಲೆಯಲ್ಲಿ ಯಾವುದೋ ಜೀವಿಯ ಮೊಟ್ಟೆಗಳ ಅಂಟಿದ ಸಾಲು. ಮೂಗಿನ ಹತ್ತಿರ ಹಿಡಿದಾಗ ಇಳಿತದ ಹೊತ್ತಿನಲ್ಲಿ ಬಂಡೆಗಳಿಂದ ಬರುವ ವಾಸನೆಯೇ ಬಂತು, ಪ್ಲಾಸ್ಟಿಕ್ಕಿನದಲ್ಲ. ಹಾರುವ ಮೀನುಗಳು ತೇಲುವ ವಸ್ತುಗಳಿಗೆ ಮೊಟ್ಟೆಯನ್ನು ಅಂಟಿಸುತ್ತವೆ, ಆ ಮೊಟ್ಟೆಗಳನ್ನು ತಿನ್ನುವ ಆಲ್ಬಟ್ರಾಸ್ ಮೊಟ್ಟೆಯನ್ನೂ ಅದು ಅಂಟಿಕೊಂಡ ತುಂಡನ್ನೂ ಒಟ್ಟಿಗೇ ನುಂಗುತ್ತದೆ. ಹಿಂದೆ ಆ ತುಂಡು ಮರದ ಚೂರೋ ನೀರಿನಲ್ಲಿ ತೇಲುವ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲೋ ಆಗಿರುತ್ತಿತ್ತು. ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪಗಳಲ್ಲಿ ಆಲ್ಬಟ್ರಾಸ್ ತಾಯಿತಂದೆಯರು ಮರಿಗಳ ಬಾಯಿಗೆ ಬಾಟಲಿಯ ಮುಚ್ಚಳ, ಲೈಟರುಗಳನ್ನು ಉಣಿಸುವುದು ಹೀಗೆ. ಅವು ತಮ್ಮ ಕೆಲಸವನ್ನು ಕರಾರುವಾಕ್ಕಾಗಿಯೇ ಮಾಡುತ್ತಿರುತ್ತವೆ.

ಆಹಾರದ ಮಾತಲ್ಲದಿದ್ದರೂ, ವಾಸನೆಯ ವಿಷಯ ಬಂದದ್ದರಿಂದ ಇನ್ನೊಂದು ಸಂಗತಿ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಖಾಲಿಯಾದ ಶಂಖದೊಳಗೆ ಸೇರಿಕೊಂಡು ಬದುಕುತ್ತದೆ. ಒಂದು ಏಡಿ ಸತ್ತರೆ ಅದರ ವಾಸನೆ ಹಿಡಿದು ಉಳಿದವು ಬರುತ್ತವೆ, ಏಕೆಂದರೆ ಸತ್ತ ಏಡಿ ಎಂದರೆ ಖಾಲಿ ಶಂಖ. ಈಗ ಬಾಯಿ ಮೇಲಾಗಿ ಓರೆಯಾಗಿ ಬಿದ್ದ ಪ್ಲಾಸ್ಟಿಕ್ ಬಾಟಲಿಯೊಳಗೆ ಒಂದು ಏಡಿ ಇಳಿಯುತ್ತದೆ, ಜಾರುವ ಗೋಡೆ ಹತ್ತಲಾರದೆ ಸಾಯುತ್ತದೆ, ಅದರ ವಾಸನೆಗೆ ಮತ್ತೊಂದು ಬರುತ್ತದೆ. ಹೆಂಡರ್ಸನ್ ದ್ವೀಪದಲ್ಲಿ ಒಂದೇ ಡಬ್ಬಿಯೊಳಗೆ 526 ಏಡಿಗಳು ಸಿಕ್ಕಿದವು. ಆ ದ್ವೀಪದಲ್ಲಿ ಮತ್ತು ಕೋಕೋಸ್ ದ್ವೀಪಗಳಲ್ಲಿ ಹೀಗೆ ಸಿಕ್ಕಿಬೀಳುವ ಏಡಿಗಳ ಸಂಖ್ಯೆ ಒಟ್ಟು ಸುಮಾರು 5,70,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ನಾನು ಈ ಕ್ಷೇತ್ರದಲ್ಲಿ ಓದಿದ ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಉತ್ತರ 2 (ಸತ್ತ ಕಡಲಪ್ರಾಣಿಗಳ ಮರಣೋತ್ತರ ಪರೀಕ್ಷೆ ಮಾಡುವ ಪಶುವೈದ್ಯರು)

ಹುಡುಗಿ ಕೇಳಿದ ಎರಡನೆಯ ಪ್ರಶ್ನೆಗೆ, ಅಂದರೆ ಉಗಿಯಬಹುದಲ್ಲ ಎಂಬ ಮಾತಿಗೆ, ಶರೀರರಚನೆಯಲ್ಲಿಯೇ ಉತ್ತರವಿದೆ. ಕಡಲಾಮೆಯ ಅನ್ನನಾಳದ ಒಳಗೋಡೆಯ ತುಂಬ ಮುಳ್ಳುಗಳಂಥ ಚೂಪಾದ ರಚನೆಗಳಿವೆ, ಅವೆಲ್ಲವೂ ಹೊಟ್ಟೆಯ ಕಡೆಗೆ ಬಾಗಿಕೊಂಡಿವೆ. ಆಹಾರದ ಜೊತೆಗೆ ಒಳಬಂದ ಉಪ್ಪುನೀರನ್ನು ಆಮೆ ಹೊರಕ್ಕೆ ಹಾಕುವಾಗ ಜಾರುವ ಆಹಾರ ವಾಪಸ್ಸು ಹೋಗದಂತೆ ಈ ಮುಳ್ಳುಗಳು ತಡೆಹಿಡಿಯುತ್ತವೆ. ಜೆಲ್ಲಿ ಮೀನನ್ನು ತಿಂದು ಬದುಕುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೊಂದಿಲ್ಲ. ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಇದೇ ಏರ್ಪಾಡು ಒಮ್ಮುಖದ ಬಾಗಿಲಾಗುತ್ತದೆ.

ನಾನು ಪರೀಕ್ಷಿಸಿದ ಎಳೆಯ ಆಮೆಯೊಂದರ ಕರುಳಿನಲ್ಲಿ ಬಲೂನಿನ ತುಂಡೊಂದು ಮಡಚಿಕೊಂಡು ಬಿರಡೆಯಂತೆ ಕುಳಿತಿತ್ತು. ಅದರ ಮುಂದಿನ ಕರುಳು ಖಾಲಿ, ಹಿಂದಿನ ಕರುಳು ಅನಿಲದಿಂದ ಉಬ್ಬಿ ಗೋಡೆ ತೆಳ್ಳಗಾಗಿತ್ತು. ಹೀಗೆ ಅನಿಲ ತುಂಬಿದ ಆಮೆ ನೀರಿನಲ್ಲಿ ಮುಳುಗಲಾರದೆ ಮೇಲೆಯೇ ತೇಲುತ್ತದೆ, ಮೇವಿಗೆ ಕೆಳಗಿಳಿಯಲಾರದು, ದೋಣಿ ಬಂದರೆ ತಪ್ಪಿಸಿಕೊಳ್ಳಲಾರದು. ಸಾವಿನ ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತ ನಾನು ಬಹಳ ಹೊತ್ತು ಕುಳಿತಿದ್ದೆ. ಇಡೀ ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ಕನ್ನು ತೊಳೆದು ಬಿಳಿಯ ತಟ್ಟೆಯಲ್ಲಿ ಹರಡಿದರೆ ಒಂದು ಹಿಡಿಯೂ ಆಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಸತ್ತ ಕಡಲಾಮೆಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ 14 ಚೂರುಗಳನ್ನು ನುಂಗಿದ ಆಮೆ ಅದರಿಂದಲೇ ಸಾಯುವ ಸಂಭವ ಶೇ. 50. 2019ರ ಮಾರ್ಚಿನಲ್ಲಿ ಫಿಲಿಪೀನ್ಸಿನ ದವಾವೊ ಕೊಲ್ಲಿಯಲ್ಲಿ ಸತ್ತ ಎಳೆಯ ಕೊಕ್ಕಿನ ತಿಮಿಂಗಿಲದ ಹೊಟ್ಟೆಯಲ್ಲಿ 40 ಕೆ.ಜಿ. ಪ್ಲಾಸ್ಟಿಕ್ ಸಿಕ್ಕಿದ್ದು ಎಲ್ಲೆಡೆ ಸುದ್ದಿಯಾಯಿತು. ಅಂಥ ಸುದ್ದಿಗಳನ್ನು ಓದಿ, ಕೊಲ್ಲಲು ಅಷ್ಟೊಂದು ಬೇಕೇನೋ ಎಂದು ಜನ ತಿಳಿಯುತ್ತಾರೆ. ಅಷ್ಟು ಬೇಕಾಗಿಲ್ಲ.

ಸಣ್ಣ ಚೂರು ಹೊರಗೆ ಹೋಗಿಬಿಟ್ಟರೆ ಹಾನಿಯೇನು ಎಂಬ ನಿಮ್ಮ ಸಂದೇಹ ನ್ಯಾಯವಾದದ್ದು. ಬಹಳಷ್ಟು ಚೂರುಗಳು ನಿಜವಾಗಿಯೂ ಹೊರಗೆ ಹೋಗುತ್ತವೆ. ಆದರೆ ಹೋಗುವ ಮುನ್ನ ಅವು ಜಾಗ ಹಿಡಿಯುತ್ತವೆ, ಹಸಿವನ್ನು ಅಡಗಿಸುತ್ತವೆ, ಗೋಡೆಯನ್ನು ಕೆರೆಯುತ್ತವೆ. ಲಾರ್ಡ್ ಹೋವ್ ದ್ವೀಪದ ಶಿಯರ್‌ವಾಟರ್ ಹಕ್ಕಿಗಳ ಜಠರದಲ್ಲಿ ಪ್ಲಾಸ್ಟಿಕ್ಕಿನ ಕೆರೆತದಿಂದ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಕೊನೆಗೆ ಗಡುಸಾದ ಕಲೆಯ ಅಂಗಾಂಶವೇ ತುಂಬಿಕೊಳ್ಳುವುದನ್ನು 2023ರಲ್ಲಿ ವಿವರಿಸಿದ ಸಂಶೋಧಕರು ಆ ರೋಗಕ್ಕೆ ಪ್ಲಾಸ್ಟಿಕೋಸಿಸ್ ಎಂದು ಹೆಸರಿಟ್ಟರು. ಜೀರ್ಣರಸ ಸುರಿಸುವ ಗ್ರಂಥಿಗಳು ಆ ಕಲೆಯ ಕೆಳಗೆ ನಾಶವಾಗುತ್ತವೆ. ಇನ್ನೂ ಚಿಕ್ಕ ಪ್ರಮಾಣದಲ್ಲಿ ನೋಡಿದರೆ, 2016ರ ಒಂದು ಪ್ರಯೋಗದಲ್ಲಿ ಪಾಲಿಸ್ಟೈರೀನಿನ ಸೂಕ್ಷ್ಮ ಮಣಿಗಳಿರುವ ನೀರಿನಲ್ಲಿ ಎರಡು ತಿಂಗಳು ಬೆಳೆದ ಸಿಂಪಿಗಳು ಇಟ್ಟ ಮೊಟ್ಟೆಗಳ ಸಂಖ್ಯೆ ಶೇ. 38ರಷ್ಟು ಕಡಿಮೆಯಾಯಿತು. ಆ ಸಿಂಪಿಗಳು ಸಾಯಲಿಲ್ಲ. ಮರಿಗಳಿಗೆಂದು ಎತ್ತಿಡಬೇಕಾಗಿದ್ದ ಶಕ್ತಿಯನ್ನು ಅವು ತಮ್ಮನ್ನು ಉಳಿಸಿಕೊಳ್ಳುವುದಕ್ಕೆ ಖರ್ಚು ಮಾಡಿದವು. ಸತ್ತುಬಿದ್ದ ಪ್ರಾಣಿಗಳನ್ನು ಎಣಿಸುವ ನನ್ನಂಥವರ ಲೆಕ್ಕಕ್ಕೆ ಹುಟ್ಟದೇ ಹೋದ ಮರಿಗಳು ಎಂದೂ ಬರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರಯೋಗಾಲಯಗಳಲ್ಲಿ ಬಳಸುವ ಮಣಿಗಳು ಬಹುಮಟ್ಟಿಗೆ ದುಂಡಗೆ, ಹೊಸದಾಗಿ, ಕಡಲಿನಲ್ಲಿ ಇರುವುದಕ್ಕಿಂತ ಎಷ್ಟೋ ದಟ್ಟವಾಗಿ ಇರುತ್ತವೆ. ಕಡಲಿನಲ್ಲಿ ಹೆಚ್ಚಾಗಿ ಸಿಗುವುದು ನೂಲಿನ ಎಳೆಗಳು ಮತ್ತು ಒಡೆದ ಚೂರುಗಳು. ಮೀನಿನ ಮರಿಗಳು ತಮ್ಮ ಆಹಾರಕ್ಕಿಂತ ಪ್ಲಾಸ್ಟಿಕ್ಕನ್ನೇ ಇಷ್ಟಪಡುತ್ತವೆ ಎಂದು 2016ರಲ್ಲಿ ಹೆಸರಾಂತ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧವನ್ನು ಮರುವರ್ಷ ಹಿಂತೆಗೆದುಕೊಳ್ಳಲಾಯಿತು, ಆದರೂ ಆ ಮಾತು ಇಂದಿಗೂ ಓಡಾಡುತ್ತಿದೆ. ವಿಷದ ವಿಚಾರವೂ ಹಾಗೆಯೇ. ಕಡಲಿನಲ್ಲಿ ತೇಲುವ ಪ್ಲಾಸ್ಟಿಕ್ ಮಣಿಗಳು ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟಿನವರೆಗೆ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂಥ ವಿಷಗಳನ್ನು ಹೀರಿಕೊಳ್ಳುತ್ತವೆ ಎನ್ನುವುದನ್ನು ಜಪಾನಿನ ಸಂಶೋಧಕರು 2001ರಲ್ಲಿಯೇ ತೋರಿಸಿದರು. ಆದರೆ ಅದೇ ವಿಷ ಪ್ರಾಣಿಗೆ ತನ್ನ ಸಹಜ ಆಹಾರದಿಂದಲೂ ಬರುತ್ತದೆ, ಎರಡರಲ್ಲಿ ಯಾವುದರ ಪಾಲೆಷ್ಟು ಎನ್ನುವುದರ ಬಗ್ಗೆ ಒಮ್ಮತವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅನ್ನನಾಳದ ಮುಳ್ಳುಗಳ ಚಿತ್ರವನ್ನು ನಾಳೆಯೇ ಹಲಗೆಯ ಮೇಲೆ ಬರೆಯುತ್ತೇನೆ. ತಿನ್ನುವುದರ ಹೊರತಾಗಿ ಬೇರೆ ಹಾನಿಗಳಲ್ಲಿ ದೊಡ್ಡದು ಯಾವುದು? ಮಕ್ಕಳ ಮನಸ್ಸಿನಲ್ಲಿ ಕಡಲಿನ ಪ್ಲಾಸ್ಟಿಕ್ ಎಂದರೆ ಚೀಲ, ಬಾಟಲಿ, ಸ್ಟ್ರಾ ಇಷ್ಟೇ. ಕಡಲಿಗೆ ಸೇರಿದ ಪ್ಲಾಸ್ಟಿಕ್ ಕೊನೆಗೆ ಎಲ್ಲಿಗೆ ಹೋಗುತ್ತದೆ, ಅದು ತಲುಪದ ಜಾಗ ಯಾವುದಾದರೂ ಉಳಿದಿದೆಯೇ ಎನ್ನುವುದನ್ನೂ ದಯವಿಟ್ಟು ಯಾರಾದರೂ ತಿಳಿಸಿ.

ಉತ್ತರ 3 (ಹವಳದ ದಿಬ್ಬಗಳಲ್ಲಿ ಬಲೆ ತೆಗೆಯುವ ಕೆಲಸದಲ್ಲಿ ಪಾಲ್ಗೊಂಡ ಮುಳುಗುಗಾರರು)

ಮೇಡಂ, ಚೀಲ ಮತ್ತು ಸ್ಟ್ರಾಗಳಿಗೆ ಸಿಕ್ಕಿದ ಪ್ರಚಾರದ ಹತ್ತರಲ್ಲೊಂದು ಪಾಲು ಬಲೆಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ. ಹಿಂದೆ ಬಲೆಗಳನ್ನು ಹತ್ತಿ, ಸೆಣಬಿನ ನೂಲಿನಿಂದ ಹೆಣೆಯುತ್ತಿದ್ದರು. ಕಡಲಿನಲ್ಲಿ ಕಳೆದುಹೋದರೆ ಕೊಳೆತು ಹೋಗುತ್ತಿದ್ದವು. ನೈಲಾನ್ ಬಲೆ ಕೊಳೆಯುವುದಿಲ್ಲ. ಬಿರುಗಾಳಿಗೆ ಕಿತ್ತುಹೋದ ಅಥವಾ ಹರಿದುಹೋಯಿತೆಂದು ಬಿಸಾಡಿದ ಬಲೆ ವಾರಸುದಾರರಿಲ್ಲದೆಯೇ ಮೀನು ಹಿಡಿಯುತ್ತ ಹೋಗುತ್ತದೆ. ಸಿಕ್ಕ ಮೀನೇ ಮತ್ತೊಂದಕ್ಕೆ ಎರೆಯಾಗುತ್ತದೆ: ಮೀನನ್ನು ತಿನ್ನಲು ಏಡಿ ಬರುತ್ತದೆ, ಏಡಿಗಾಗಿ ಇನ್ನೊಂದು ದೊಡ್ಡ ಮೀನು, ಅದರ ಹಿಂದೆ ಆಮೆಯೋ ಸೀಲೋ.

ನಾವು ಒಮ್ಮೆ ದಿಬ್ಬದ ಮೇಲೆ ಕವುಚಿಕೊಂಡಿದ್ದ ಬಲೆಯೊಂದನ್ನು ಎರಡು ದಿನ ಕತ್ತರಿಸಿದೆವು. ಎಳೆದು ತೆಗೆಯುವಂತಿಲ್ಲ, ಎಳೆದರೆ ಹವಳದ ಕೊಂಬೆಗಳೂ ಮುರಿದು ಬರುತ್ತವೆ. ಒಂದೊಂದೇ ಕಣ್ಣನ್ನು ಕತ್ತರಿಯಿಂದ ಬಿಡಿಸಬೇಕು. ಬಲೆಯ ಅಂಚಿನ ಹವಳ ಕಂದು ಬಣ್ಣದಲ್ಲಿ ಜೀವಂತವಾಗಿತ್ತು, ಬಲೆಯ ಅಡಿಯದು ಬೆಳ್ಳಗೆ ಸತ್ತು ಅದರ ಮೇಲೆ ಬೂದು ಪಾಚಿ ಕಟ್ಟಿತ್ತು. ಎರಡರ ನಡುವಿನ ಗೆರೆಯನ್ನು ಬೆರಳಿನಿಂದ ತೋರಿಸಬಹುದಾಗಿತ್ತು. ಕೊನೆಯ ಮಡಿಕೆಯನ್ನು ಬಿಡಿಸಿದಾಗ ಒಳಗಿನಿಂದ ಒಂದು ಏಡಿ, ಎರಡು ಕಾಲು ಕಳೆದುಕೊಂಡದ್ದು, ನಿಧಾನವಾಗಿ ನಡೆದು ಬಂಡೆಯ ಸಂದಿಗೆ ಹೋಯಿತು. ಅದನ್ನು ನೋಡುತ್ತ ನಾವು ಮೂವರೂ ಕೆಲಸ ನಿಲ್ಲಿಸಿದ್ದೆವು.

ಹವಳಕ್ಕೆ ಆಗುವ ಹಾನಿ ಬೆಳಕು ತಪ್ಪುವುದಷ್ಟೇ ಅಲ್ಲ. ಏಷ್ಯಾ-ಪೆಸಿಫಿಕ್ ಪ್ರದೇಶದ 159 ದಿಬ್ಬಗಳ ಸಮೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಪ್ಲಾಸ್ಟಿಕ್ ತಾಗದ ಹವಳಕ್ಕೆ ರೋಗ ತಗಲುವ ಸಂಭವ ಶೇ. 4 ಇದ್ದರೆ ಪ್ಲಾಸ್ಟಿಕ್ ತಾಗಿದ ಹವಳದಲ್ಲಿ ಅದು ಶೇ. 89 ಎಂದು ಅದರಲ್ಲಿ ಕಂಡುಬಂತು. ತೇಲುವ ತುಂಡು ಹವಳದ ಮೃದುವಾದ ಚರ್ಮವನ್ನು ತರಚುತ್ತದೆ, ಬೆಳಕನ್ನೂ ಆಮ್ಲಜನಕವನ್ನೂ ತಡೆಯುತ್ತದೆ, ತನ್ನ ಮೈಮೇಲಿನ ಸೂಕ್ಷ್ಮಜೀವಿಗಳಿಗೆ ಆ ಗಾಯದಲ್ಲಿ ಜಾಗ ಮಾಡಿಕೊಡುತ್ತದೆ. ಹಡಗುಗಳಿಂದ ಪ್ಲಾಸ್ಟಿಕ್ಕನ್ನು ಕಡಲಿಗೆ ಎಸೆಯುವುದನ್ನು ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧ 1988ರ ಕೊನೆಯ ದಿನದಿಂದಲೇ ನಿಷೇಧಿಸಿದೆ. ಹಾಗಿದ್ದರೂ ಪೆಸಿಫಿಕ್ ಸಾಗರದ ಹೆಸರುವಾಸಿ ಕಸದ ಸುಳಿಯನ್ನು ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಲ್ಲಿನ ಸುಮಾರು 79,000 ಟನ್ ಪ್ಲಾಸ್ಟಿಕ್ಕಿನ ತೂಕದಲ್ಲಿ ಶೇ. 46 ಬಲೆಗಳೇ ಆಗಿದ್ದವು.

ಉತ್ತರ 4 (ಸಾಗರವಿಜ್ಞಾನದ ಸಂಶೋಧನಾ ವಿದ್ಯಾರ್ಥಿ)

2050ರ ಮಾತಿನ ಮೂಲ 2016ರ ಜನವರಿಯಲ್ಲಿ ವಿಶ್ವ ಆರ್ಥಿಕ ವೇದಿಕೆ ಮತ್ತು ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ ಹೊರತಂದ ವರದಿ. ತೂಕದಲ್ಲಿ ಪ್ಲಾಸ್ಟಿಕ್ ಮೀನನ್ನು ಮೀರುತ್ತದೆ ಎಂದು ಅದರಲ್ಲಿ ಅಂದಾಜಿಸಲಾಗಿತ್ತು. ಆ ಹೋಲಿಕೆಯ ಎರಡು ತಕ್ಕಡಿಗಳೂ ಅಲುಗಾಡುತ್ತವೆ. ಕಡಲಿನ ಮೀನುಗಳ ಒಟ್ಟು ತೂಕ ಯಾರೂ ಖಚಿತವಾಗಿ ಅಳೆದದ್ದಲ್ಲ; ಬೆಳಕು ಮಸುಕಾಗುವ ನಡುವಿನ ಆಳದ ಮೀನುಗಳೇ ಸುಮಾರು 1,000 ಕೋಟಿ ಟನ್ ಇರಬಹುದೆಂದು 2014ರ ಧ್ವನಿತರಂಗ ಸಮೀಕ್ಷೆಯೊಂದು ಸೂಚಿಸಿತು, ಅದು ಹಿಂದಿನ ಅಂದಾಜುಗಳ ಎಷ್ಟೋ ಪಟ್ಟು. ಪ್ಲಾಸ್ಟಿಕ್ಕಿನ ಪ್ರಮಾಣವೂ ಮುಂದಿನ ದಶಕಗಳ ಊಹೆಯ ಮೇಲೆ ನಿಂತಿದೆ. ಆದ್ದರಿಂದ ಆ ವಾಕ್ಯವನ್ನು ಮಕ್ಕಳಿಗೆ ಹೇಳದಿರುವುದೇ ಒಳ್ಳೆಯದು. ಬಾಟಲಿ ಕರಗಲು 450 ವರ್ಷ ಬೇಕೆಂಬ ಮಾತೂ ಅಂಥದ್ದೇ: ಪ್ಲಾಸ್ಟಿಕ್ಕಿನ ಭಾರೀ ತಯಾರಿಕೆ ಶುರುವಾದದ್ದು 1950ರ ಸುಮಾರಿಗೆ, 450 ವರ್ಷ ಕಾದು ನೋಡಿದವರು ಯಾರೂ ಇಲ್ಲ.

ಗಟ್ಟಿಯಾದ ಅಂಕಿಗಳು ಬೇರೆ ಇವೆ. 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್, ಮರುಬಳಕೆಯಾದದ್ದು ಆ ಕಸದ ಶೇ. 9 ಮಾತ್ರ. 2010ರ ಒಂದೇ ವರ್ಷದಲ್ಲಿ ನೆಲದಿಂದ ಕಡಲಿಗೆ ಸೇರಿದ್ದು 48 ಲಕ್ಷದಿಂದ 127 ಲಕ್ಷ ಟನ್ನಿನ ನಡುವೆ ಎಂದು ಅಂದಾಜು. ಇಷ್ಟು ಒಳಗೆ ಹೋದರೂ ಕಡಲಿನ ಮೇಲ್ಮೈಯಲ್ಲಿ ತೇಲುತ್ತಿರುವುದು ಸುಮಾರು 2,69,000 ಟನ್ ಎಂದು 2014ರ ಲೆಕ್ಕ ಹೇಳಿತು. ಉಳಿದದ್ದು ಎಲ್ಲಿ ಎನ್ನುವುದೇ ನೀವು ಕೇಳಿದ ಪ್ರಶ್ನೆ. ಒಂದಷ್ಟು ದಡಗಳಿಗೆ ವಾಪಸ್ಸು ಬಂದು ಬೀಳುತ್ತದೆ. ಇನ್ನೊಂದಷ್ಟು ಬಿಸಿಲು ಮತ್ತು ಅಲೆಗಳಿಗೆ ಸಿಕ್ಕಿ ಬಲೆಯ ಕಣ್ಣಿಗೆ ಸಿಗದಷ್ಟು ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳನ್ನು ಇಂದು ಮೈಕ್ರೊಪ್ಲಾಸ್ಟಿಕ್ ಎನ್ನುತ್ತೇವೆ. ಬ್ರಿಟನ್ನಿನ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು 2004ರಲ್ಲಿ ಆ ಪದವನ್ನು ಬಳಕೆಗೆ ತಂದಾಗ, 1960ರ ದಶಕದಿಂದ ಕಾಪಿಟ್ಟಿದ್ದ ಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಮಾದರಿಗಳಲ್ಲಿಯೇ ಅವುಗಳನ್ನು ಗುರುತಿಸಿ, ಕಾಲ ಕಳೆದಂತೆ ಹೆಚ್ಚುತ್ತಿರುವುದನ್ನು ತೋರಿಸಿದರು.

ಬಹುದೊಡ್ಡ ಪಾಲು ಮುಳುಗುತ್ತದೆ, ಮುಳುಗಿಸುವುದರಲ್ಲಿ ಜೀವಿಗಳ ಪಾತ್ರವೂ ಇದೆ. ಮೈಮೇಲೆ ಪಾಚಿ ಮತ್ತು ಚಿಪ್ಪು ಬೆಳೆದ ತುಂಡು ಭಾರವಾಗಿ ಕೆಳಗಿಳಿಯುತ್ತದೆ. ಪ್ರಾಣಿಪ್ಲವಕಗಳು ನುಂಗಿದ ಚೂರುಗಳು ಅವುಗಳ ಹಿಕ್ಕೆಯೊಳಗೆ ಸೇರಿ ತಳಕ್ಕೆ ಹೋಗುತ್ತವೆ. ಮೇಲಿನ ಇಂಗಾಲವನ್ನು ಆಳಕ್ಕೆ ಒಯ್ಯುವುದೂ ಇದೇ ಹಿಕ್ಕೆ. ಪ್ಲಾಸ್ಟಿಕ್ ಬೆರೆತ ಹಿಕ್ಕೆ ಹಗುರವಾಗಿ ನಿಧಾನಕ್ಕೆ ಇಳಿಯುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಕಡಲಿನ ಮೇಲೆ ಆಗುವ ಪರಿಣಾಮಗಳಲ್ಲಿ ನನಗೆ ಹೆಚ್ಚು ಆತಂಕ ತರುವುದು ಈ ಕಣ್ಣಿಗೆ ಕಾಣದ ಕೆಲಸಕ್ಕೆ ಆಗುತ್ತಿರುವ ಅಡಚಣೆ. ಆಹಾರ ಸರಪಳಿಯ ಮೇಲಿನ ಕೊಂಡಿಯೂ ಹೀಗೆಯೇ ಇದೆ. ಕ್ಯಾಲಿಫೋರ್ನಿಯಾದ ಕಡಲಿನ ನೀಲಿ ತಿಮಿಂಗಿಲವೊಂದು ದಿನಕ್ಕೆ 1 ಕೋಟಿ ಚೂರುಗಳವರೆಗೆ ನುಂಗಬಹುದೆಂದು 2022ರಲ್ಲಿ ಅಂದಾಜಿಸಲಾಯಿತು. ಅದು ಸೋಸುವ ನೀರಿನಿಂದ ಬರುವುದು ತೀರಾ ಅಲ್ಪ, ಹೆಚ್ಚುಕಡಿಮೆ ಎಲ್ಲವೂ ಅದಾಗಲೇ ಪ್ಲಾಸ್ಟಿಕ್ ತಿಂದಿರುವ ಕ್ರಿಲ್ಲಿನ ಮೂಲಕವೇ ಬರುತ್ತದೆ.

ತಲುಪದ ಜಾಗದ ಬಗ್ಗೆ ಕೇಳಿದ್ದೀರಿ. ಪೆಸಿಫಿಕ್ಕಿನ ಮರಿಯಾನಾ ಕಂದಕದಲ್ಲಿ 10,898 ಮೀಟರ್ ಆಳದಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ಜಪಾನಿನ ಜಲಾಂತರ ಯಂತ್ರ 1998ರಲ್ಲಿಯೇ ಚಿತ್ರೀಕರಿಸಿತ್ತು. ಅದೇ ಕಂದಕದಲ್ಲಿ, 6,000 ಮೀಟರಿಗೂ ಹೆಚ್ಚಿನ ಆಳದಿಂದ ಹಿಡಿದು ತಂದ ಸಿಗಡಿಯಂಥ ಜೀವಿಯೊಂದು ವಿಜ್ಞಾನಕ್ಕೆ ಹೊಸ ಜಾತಿಯೆಂದು 2020ರಲ್ಲಿ ದಾಖಲಾಯಿತು. ಅದರ ಕರುಳಿನಲ್ಲಿ ಬಾಟಲಿ ಮತ್ತು ಬಟ್ಟೆಗಳಲ್ಲಿ ಬಳಸುವ ಪ್ಲಾಸ್ಟಿಕ್ಕಿನಂಥದೇ ಒಂದು ಎಳೆ, ಒಂದು ಮಿಲಿಮೀಟರಿಗಿಂತ ಚಿಕ್ಕದು, ಸಿಕ್ಕಿತು. ಮನುಷ್ಯರು ಮೊದಲ ಸಲ ಕಂಡ ಆ ಜೀವಿಗೆ ಸಂಶೋಧಕರು ಯೂರಿಥಿನೀಸ್ ಪ್ಲಾಸ್ಟಿಕಸ್ ಎಂದು ಹೆಸರಿಟ್ಟಿದ್ದಾರೆ.